ಕಣದ ಮೇಲೆ ಪಟ್ಟಿಂಗ್: ಕೋಲಾರದ ಒಂದು ಗಾಲ್ಫ್ ಗುಂಪಿನ ಪ್ರಕರಣ

ನನ್ನ ಮೇಜಿನ ಮೇಲೆ ಉದ್ದನೆಯ ನೋಟ್‌ಬುಕ್ಕೊಂದಿದೆ. ಮೊದಲ ಪುಟದಲ್ಲಿ ‘ಗಾಲ್ಫ್ ಲೆಕ್ಕ, ಡಿಸೆಂಬರ್ 2022ರಿಂದ’ ಎಂದು ಬರೆದಿದ್ದೇನೆ. ಎಡಕ್ಕೆ ಜಮೆ, ಬಲಕ್ಕೆ ಖರ್ಚು, ಅಂಚಿನಲ್ಲಿ ಯಾರು ಬಂದರು, ಯಾರು ಬರಲಿಲ್ಲ ಎಂಬ ಟಿಪ್ಪಣಿ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವವನಾದ್ದರಿಂದ ಗುಂಪು ಹುಟ್ಟಿದ ದಿನವೇ ಲೆಕ್ಕದ ಪುಸ್ತಕ ನನ್ನ ಕೊರಳಿಗೆ ಬಿತ್ತು. ಚಿಂತಾಮಣಿಯ ಕಡೆಯ ಇಬ್ಬರು ನಮ್ಮ ಹಾಗೆಯೇ ಗುಂಪು ಕಟ್ಟಬೇಕೆಂದು ಕೇಳಿದ್ದರಿಂದ ಆ ಪುಸ್ತಕವನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಕೋಲಾರದಲ್ಲಿ ಓದುವವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ, ಉಳಿದವರಿಗೆ ಹೆಸರು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ.

ಯಾರು, ಎಲ್ಲಿ

ಮೂಲಪುರುಷರು ನಾವು ‘ಸರ್ವೇಯರ್ ಸರ್’ ಎನ್ನುವ ಹಿರಿಯರು. ಎಪ್ಪತ್ತು ದಾಟಿದೆ. ಹುಟ್ಟಿದ್ದು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಅಲ್ಲಿ ಗಣಿಯ ಜೊತೆಗೆ ಇಂಗ್ಲಿಷ್ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಎಲ್ಲವೂ ಬೆಳೆದವು. ಇವರು ಹುಡುಗನಾಗಿದ್ದಾಗ ಪೊದೆಗೆ ಬಿದ್ದ ಚೆಂಡು ಹುಡುಕಿಕೊಟ್ಟು ಪುಡಿಗಾಸು ಗಳಿಸಿದವರು, ಮುರಿದ ಕೋಲನ್ನು ಕತ್ತರಿಸಿಕೊಂಡು ಹೊಡೆಯಲು ಕಲಿತವರು. ಆಮೇಲೆ ಅದೇ ಗಣಿಯಲ್ಲಿ ಸರ್ವೇ ಕೆಲಸ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೋಲಾರಕ್ಕೆ ಬಂದು ನೆಲೆಸಿದರು. ಬರುವಾಗ ತಂದ ಸಾಮಾನಿನಲ್ಲಿ ಏಳು ಕೋಲುಗಳ ಚೀಲವೂ ಇತ್ತು.

ಬರಗಾಲದ ವರ್ಷಗಳಲ್ಲಿ ಅವರು ಒಣಗಿದ ಕೆರೆಯಂಗಳದಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತಿದ್ದರಂತೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. ಅವರ ಕೆರೆಯೂ ತುಂಬಿತು. ‘ಊರಿಗೆಲ್ಲ ನೀರು ಬಂತು, ನನಗೆ ಮೈದಾನ ಹೋಯಿತು’ ಎಂದು ಇವತ್ತಿಗೂ ಹೇಳಿ ನಗುತ್ತಾರೆ. ಆ ನೀರಿನ ಗುಣಮಟ್ಟದ ಮಾತು ಬಂದರೆ ಮಾತ್ರ ನಗುವುದಿಲ್ಲ, ಆದರೆ ಅದು ಬೇರೆ ಪ್ರಕರಣ.

ಅವರ ಸುತ್ತ ಸೇರಿದವರು: ಮೂಳೆ ಡಾಕ್ಟರು, ಟೊಮ್ಯಾಟೊ ಮಂಡಿಯ ಅಣ್ಣ, ಟೈಲ್ಸ್ ಮತ್ತು ಪೈಪಿನ ಅಂಗಡಿಯವರು, ನರಸಾಪುರದ ಕಾರ್ಖಾನೆಗಳ ಇಬ್ಬರು ಎಂಜಿನಿಯರುಗಳು, ಒಬ್ಬ ನಿವೃತ್ತ ತಹಶೀಲ್ದಾರರು, ನಾನು. ಎಂಟು ಜನ. ಇವರಲ್ಲಿ ನಿಜವಾಗಿ ಗಾಲ್ಫ್ ಆಡಿದ್ದವರು ಸರ್ವೇಯರ್ ಸರ್ ಮತ್ತು ಡಾಕ್ಟರು. ಮಿಕ್ಕವರಿಗೆ ಚೆಂಡು ನೆಲದ ಮೇಲೆ ಸುಮ್ಮನೆ ಕೂತಿರುವಾಗ ಅದನ್ನು ಹೊಡೆಯುವುದು ಏನು ಮಹಾ ಎಂಬ ಧೈರ್ಯವಿತ್ತು. ಆ ಧೈರ್ಯ ಹತ್ತು ನಿಮಿಷ ಉಳಿಯಿತು.

ಜಾಗ ಕೊಟ್ಟವರು ಪೈಪಿನ ಅಂಗಡಿಯವರು. ಶ್ರೀನಿವಾಸಪುರ ರಸ್ತೆಯಲ್ಲಿ ಅವರದು ಎರಡು ಎಕರೆ ರಾಗಿ ಹೊಲ, ಅಂಚಿನಲ್ಲಿ ಮಾವಿನ ಮರಗಳು. ಕೊಯ್ಲು ಮುಗಿದ ಮೇಲೆ ಡಿಸೆಂಬರಿನಿಂದ ಮೇವರೆಗೆ ಹೊಲದಲ್ಲಿ ಕೂಳೆ ಬಿಟ್ಟರೆ ಏನೂ ಇರುವುದಿಲ್ಲ. ಒಂದು ಮೂಲೆಯಲ್ಲಿ ರಾಗಿ ಬಡಿದ ಕಣ, ಸಗಣಿ ಸಾರಿಸಿ ಗಟ್ಟಿಯಾಗಿದ್ದ ನೆಲ. ಸರ್ವೇಯರ್ ಸರ್ ಅದನ್ನು ನೋಡಿದ್ದೇ ಬಗ್ಗಿ ಅಂಗೈಯಿಂದ ಸವರಿದರು. ಒಣ ಸೀಮೆಯ ಹಳೆಯ ಕೋರ್ಸುಗಳಲ್ಲಿ, ಅಂದರೆ ಗಾಲ್ಫ್ ಮೈದಾನಗಳಲ್ಲಿ, ಕುಳಿಯ ಸುತ್ತ ಹುಲ್ಲಿನ ಗ್ರೀನ್ ಇರುತ್ತಿರಲಿಲ್ಲ, ಮರಳು ಹಾಸಿ ಸಮ ಮಾಡಿದ ‘ಬ್ರೌನ್’ ಇರುತ್ತಿತ್ತು ಎಂದು ವಿವರಿಸಿ, ‘ಇದು ಅದಕ್ಕಿಂತ ವಾಸಿ’ ಎಂದರು. ಕುಳಿಗೆ ಅಂಗಡಿಯಿಂದಲೇ 110 ಮಿಲಿಮೀಟರಿನ ಪಿವಿಸಿ ಪೈಪಿನ ತುಂಡು ಬಂತು. ಗಾಲ್ಫಿನ ಹೋಲ್ ಇರಬೇಕಾದ್ದು 108 ಮಿಲಿಮೀಟರ್. ಪೈಪಿನ 110 ಹೊರ ಅಳತೆಯಾದ್ದರಿಂದ ಒಳಗೆ ಸ್ವಲ್ಪ ಕಿರಿದಾಯಿತು. ಇಲ್ಲಿ ಹಾಕಲು ಕಲಿತವನು ಎಲ್ಲಿಯಾದರೂ ಹಾಕುತ್ತಾನೆ ಎಂದು ಸಮಾಧಾನ ಮಾಡಿಕೊಂಡೆವು.

ಮೊದಲ ಭಾನುವಾರ ಡಾಕ್ಟರು ಗಾಲ್ಫಿನ ಬೂಟು ಹಾಕಿಕೊಂಡು ಕಣದ ಮೇಲೆ ಕಾಲಿಟ್ಟರು. ಅಂಗಡಿಯವರ ತಾಯಿ ಮಾವಿನ ಮರದ ಕೆಳಗಿನಿಂದ ಎದ್ದು ಬಂದರು. ‘ಕಣದ ಮೇಲೆ ಮೆಟ್ಟು ಹಾಕಿಕೊಂಡು ಹತ್ತುತ್ತಾರೇನಪ್ಪಾ? ಡಾಕ್ಟರಾಗಿದ್ದೀಯ, ಅಷ್ಟೂ ತಿಳಿಯದೆ?’ ಡಾಕ್ಟರು ಒಂದೂ ಮಾತಾಡದೆ ಕೂತು ಲೇಸು ಬಿಚ್ಚಿದರು. ಅಂದಿನಿಂದ ನಮ್ಮಲ್ಲಿ ಪಟ್ಟಿಂಗ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವುದು, ಬರಿಗಾಲಿನಲ್ಲಿ. ಗುಂಪಿಗೆ ಬರಹದಲ್ಲಿಲ್ಲದ ಮೊದಲ ನಿಯಮ ಬಂದಿದ್ದು ಹೀಗೆ, ಅದನ್ನು ಇಂದಿಗೂ ಯಾರೂ ಮುರಿದಿಲ್ಲ.

ಎರಡನೆಯ ನಿಯಮ ಹೆದರಿಕೆಯಿಂದ ಬಂತು. ಎಂಜಿನಿಯರೊಬ್ಬರು ಏಳನೆಯ ನಂಬರಿನ ಕಬ್ಬಿಣದ ಕೋಲಿನಿಂದ ಹೊಡೆದ ನಿಜವಾದ ಚೆಂಡು ಬದುವಿನಾಚೆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರ ಪಕ್ಕಕ್ಕೇ ಬಿತ್ತು. 45 ಗ್ರಾಂ ತೂಕದ ಗಟ್ಟಿ ಚೆಂಡು ತಲೆಗೆ ತಗುಲಿದರೆ ಏನಾಗುತ್ತದೆಂದು ಹೇಳಲು ಮೂಳೆ ಡಾಕ್ಟರು ಬೇಕಿರಲಿಲ್ಲ. ಆ ರೈತ ಚೆಂಡನ್ನು ತಂದು ಕೈಗೆ ಕೊಟ್ಟು ‘ನನ್ನ ಮಗ ಈ ಕಡೆ ಓಡಾಡುತ್ತಾನೆ ಸ್ವಾಮಿ’ ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು. ಅಂದಿನಿಂದ ಹೊಲದಲ್ಲಿ ತೂತಿನ ಪ್ಲಾಸ್ಟಿಕ್ ಚೆಂಡು ಮಾತ್ರ. ನಿಜವಾದ ಚೆಂಡು ಕಣದ ಮೇಲೆ ಉರುಳಿಸುವುದಕ್ಕೆ ಮಾತ್ರ.

ಮೊದಲ ಕೋರ್ಸು, ಮೊದಲ ಅವಮಾನ

ಫೆಬ್ರುವರಿ 2023ರಲ್ಲಿ ಬೆಂಗಳೂರಿನ ಕಡೆಯ ಒಂದು ಕೋರ್ಸಿನಲ್ಲಿ ಎಂಟು ಜನಕ್ಕೆ ಸಮಯ ಕಾದಿರಿಸಿದೆವು. ಮೈದಾನದ ಶುಲ್ಕ, ಕೋಲಿನ ಚೀಲ ಹೊರುವ ಕ್ಯಾಡಿಗೆ ಕೂಲಿ, ಬಾಡಿಗೆ ಕೋಲು, ತಿಂಡಿ ಎಲ್ಲ ಸೇರಿ ತಲೆಗೆ ₹4,200. ಕಾಲರ್ ಇಲ್ಲದ ಅಂಗಿ ಹಾಕಿಕೊಂಡು ಬಂದಿದ್ದ ತಹಶೀಲ್ದಾರರು ಅಲ್ಲೇ ಒಂದು ಅಂಗಿ ಕೊಳ್ಳಬೇಕಾಯಿತು. ಅದರ ಬೆಲೆಯನ್ನು ಅವರು ಇನ್ನೂ ಮರೆತಿಲ್ಲ, ನಮಗೂ ಮರೆಯಲು ಬಿಟ್ಟಿಲ್ಲ.

ನಾವು ಆಡಿದ್ದು ಹೊಡೆತಗಳನ್ನೆಲ್ಲ ಎಣಿಸುವ ಸ್ಟ್ರೋಕ್ ಪ್ಲೇ, ಕಡಿಮೆ ಹೊಡೆದವರು ಗೆದ್ದಂತೆ. ಸರ್ವೇಯರ್ ಸರ್ 88, ಮಂಡಿ ಅಣ್ಣ 125, ನಾನು 141. ನಾಲ್ಕು ಜನರ ತಂಡ ನಾಲ್ಕೂವರೆ ಗಂಟೆಯೊಳಗೆ ಮುಗಿಸಬೇಕಾದ ಆಟಕ್ಕೆ ನಾವು ಆರು ಗಂಟೆ ತೆಗೆದುಕೊಂಡೆವು. ಹಿಂದಿನ ತಂಡದವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಹನ್ನೊಂದನೆಯ ಹೋಲ್ ಹತ್ತಿರ ಮೇಲ್ವಿಚಾರಕರು ಬಂದು ಎರಡು ಹೋಲ್ ಬಿಟ್ಟು ಮುಂದಕ್ಕೆ ಹೋಗಿ ಎಂದರು. ಮರ್ಯಾದೆಯಿಂದಲೇ ಹೇಳಿದರು, ಆದರೂ ಮಂಡಿ ಅಣ್ಣನ ಬಾಯಲ್ಲಿ ತೆಲುಗು ಬಂತು. ಕೋಲಾರದವರಿಗೆ ಲೆಕ್ಕ ಕನ್ನಡದಲ್ಲಿ, ಕೋಪ ತೆಲುಗಿನಲ್ಲಿ. ಸರ್ವೇಯರ್ ಸರ್‌ಗೆ ಮಾತ್ರ ಚೆಂಡು ತಪ್ಪಿದರೆ ತಮಿಳು.

ತಪ್ಪು ನಮ್ಮದೇ. ಕಳೆದ ಚೆಂಡನ್ನು ಮೂರು ನಿಮಿಷಕ್ಕಿಂತ ಹೆಚ್ಚು ಹುಡುಕುವಂತಿಲ್ಲ ಎಂಬ ನಿಯಮ 2019ರಿಂದ ಇದೆ. ನಾವು ಹುಲ್ಲಿನಲ್ಲಿ ಕಾಲು ಗಂಟೆ ಹುಡುಕಿದ್ದೇವೆ, ಅದೂ ಬಾಡಿಗೆಗೆ ತಂದ ಹಳೆಯ ಚೆಂಡನ್ನು. ಯಾರು ಸಿದ್ಧರಿದ್ದಾರೋ ಅವರು ಹೊಡೆಯಲಿ ಎಂದು ನಿಯಮವೇ ಪ್ರೋತ್ಸಾಹಿಸುತ್ತದೆ. ನಾವು ‘ನೀವು ಹೊಡೆಯಿರಿ ಸರ್’, ‘ಇಲ್ಲ, ಮೊದಲು ನೀವು’ ಎಂದು ಮದುವೆ ಮನೆಯ ಉಪಚಾರ ಮಾಡಿಕೊಂಡು ನಿಂತಿದ್ದೆವು.

ಅಂಕದ ಲೆಕ್ಕ

ಇದಕ್ಕೆ ಮದ್ದು ಎಂದೋ ಸಿದ್ಧವಾಗಿತ್ತು. ಫ್ರ್ಯಾಂಕ್ ಸ್ಟೇಬಲ್‌ಫರ್ಡ್ ಎಂಬ ಇಂಗ್ಲಿಷ್ ವೈದ್ಯರ ಪದ್ಧತಿ, 1932ರಲ್ಲಿ ವಾಲಸೀ ಕ್ಲಬ್ಬಿನಲ್ಲಿ ಅದರ ಸ್ಪರ್ಧೆ ನಡೆದಿತ್ತು. ಒಟ್ಟು ಹೊಡೆತ ಎಣಿಸುವುದಿಲ್ಲ, ಹದಿನೆಂಟು ಹೋಲ್‌ಗಳಲ್ಲಿ ಪ್ರತಿಯೊಂದಕ್ಕೂ ಅಂಕ. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್, ಅಂದರೆ ಆ ಹೋಲ್‌ಗೆ ಗೊತ್ತು ಮಾಡಿದಷ್ಟೇ ಹೊಡೆತ, ಬಂದರೆ 2 ಅಂಕ, ಒಂದು ಹೊಡೆತ ಹೆಚ್ಚಾದರೆ 1, ಕಡಿಮೆಯಾದರೆ 3. ಎರಡು ಹೆಚ್ಚಾದರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದೆ ನಡೆಯುವುದು.

ಹ್ಯಾಂಡಿಕ್ಯಾಪ್ ಎಂದರೆ ಬಲಹೀನ ಆಟಗಾರನಿಗೆ ಕೊಡುವ ಉಚಿತ ಹೊಡೆತಗಳು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಅದು 54ರವರೆಗೆ ಹೋಗಬಹುದು. ಇಪ್ಪತ್ತು ಆಟಗಳ ದಾಖಲೆಯಿದ್ದವರಿಗೆ ಅವುಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿ. ಮೂರೇ ಆಟ ಆಡಿದವರಿಗೆ ಅತ್ಯುತ್ತಮವಾದ ಒಂದನ್ನು ತೆಗೆದುಕೊಂಡು ಎರಡು ಕಳೆಯಬೇಕು. ಅಧಿಕೃತ ಲೆಕ್ಕದಲ್ಲಿ ಕೋರ್ಸು ಎಷ್ಟು ಕಠಿಣ ಎಂಬ ರೇಟಿಂಗ್ ಕೂಡ ಸೇರುತ್ತದೆ, ಅಂಥ ಹ್ಯಾಂಡಿಕ್ಯಾಪ್ ಕ್ಲಬ್ಬಿನ ಸದಸ್ಯರಿಗೆ ಸಿಗುವಂಥದ್ದು. ನಾವು ರೇಟಿಂಗ್ ಕೈಬಿಟ್ಟು ಪಾರ್ 72ಕ್ಕೆ ಎಷ್ಟು ಹೆಚ್ಚು ಎಂಬುದನ್ನಷ್ಟೇ ಹಿಡಿದೆವು, 36ಕ್ಕೆ ಮಿತಿ ಹಾಕಿದೆವು. ನಮ್ಮ ಸಂಖ್ಯೆಗೆ ನಮ್ಮ ಗುಂಪಿನಾಚೆ ಕಿಮ್ಮತ್ತಿಲ್ಲ. ಗುಂಪಿನೊಳಗೆ ಸಾಕು.

ಮೇ ತಿಂಗಳಲ್ಲಿ ನಡೆದ ಒಂದು ಹೋಲ್ ಹೇಳಿದರೆ ಅರ್ಥವಾಗುತ್ತದೆ. ಪಾರ್ 4. ಕಠಿಣತೆಯ ಕ್ರಮದಲ್ಲಿ 16ನೆಯದು, ಅಂದರೆ ಸುಲಭದ್ದು. ಸರ್ವೇಯರ್ ಸರ್ ಹ್ಯಾಂಡಿಕ್ಯಾಪ್ 14, ಹಾಗಾಗಿ ಅವರಿಗೆ ಮೊದಲ 14 ಕಠಿಣ ಹೋಲ್‌ಗಳಲ್ಲಿ ಮಾತ್ರ ಒಂದೊಂದು ಉಚಿತ ಹೊಡೆತ, ಇಲ್ಲಿ ಇಲ್ಲ. ಅವರು 4ಕ್ಕೆ ಮುಗಿಸಿದರು, 2 ಅಂಕ. ಮಂಡಿ ಅಣ್ಣನಿಗೆ 36, ಪ್ರತಿ ಹೋಲ್‌ಗೂ ಎರಡು. ಅವರ ಮೊದಲ ಹೊಡೆತ ಬಂಕರಿನ ಮರಳಿಗೆ ಬಿತ್ತು, ಎರಡನೆಯದು ಅಲ್ಲೇ ಉಳಿಯಿತು, ಮೂರನೆಯದು ಹೊರಗೆ, ನಾಲ್ಕಕ್ಕೆ ಗ್ರೀನ್ ಅಂಚಿಗೆ, ಆರಕ್ಕೆ ಒಳಗೆ. ಆರರಲ್ಲಿ ಎರಡು ಕಳೆದರೆ ನಾಲ್ಕು. 2 ಅಂಕ! ಐವತ್ತೈದು ವರ್ಷ ಆಡಿದವರೂ ಐದು ತಿಂಗಳು ಆಡಿದವರೂ ಆ ಹೋಲ್‌ನಲ್ಲಿ ಸಮ. ಅಣ್ಣ ನನ್ನ ಕೈಯಿಂದ ಕಾರ್ಡ್ ಕಿತ್ತುಕೊಂಡು ಎರಡು ಸಲ ನೋಡಿದರು. ‘ಮೇಷ್ಟ್ರೇ, ಇದು ಸರಿಯಾದ ಲೆಕ್ಕವೋ, ನನ್ನ ಮನಸ್ಸು ನೋಯಬಾರದೆಂದು ಬರೆದಿದ್ದೋ?’ ಸರಿಯಾದ ಲೆಕ್ಕ ಎಂದೆ. ಇಂಥ ಹೋಲ್‌ನಲ್ಲಿ ಏಳು ಹೊಡೆತವಾದರೂ ಚೆಂಡು ಒಳಗೆ ಹೋಗದಿದ್ದರೆ ಅವರು ಎತ್ತಿಕೊಂಡುಬಿಡುತ್ತಾರೆ, ಅಲ್ಲಿಂದ ಮುಂದೆ ಅಂಕವಿಲ್ಲ. ಆಟ ನಾಲ್ಕೂಮುಕ್ಕಾಲು ಗಂಟೆಗೆ ಇಳಿಯಿತು.

ಇನ್ನೊಂದು ಕಾಯಿಲೆ ಬರುತ್ತದೆ, ಅದಕ್ಕೂ ತಯಾರಿರಬೇಕು. ಹ್ಯಾಂಡಿಕ್ಯಾಪ್ ದೊಡ್ಡದಿದ್ದಷ್ಟೂ ಲಾಭವೆಂದು ತಿಳಿದ ಕೂಡಲೇ ಒಬ್ಬಿಬ್ಬರ ಆಟ ಗೆಲ್ಲುವ ದಿನ ಮಾತ್ರ ಸುಧಾರಿಸುತ್ತದೆ. 36 ಅಂಕ ಬಂದರೆ ಹ್ಯಾಂಡಿಕ್ಯಾಪ್‌ಗೆ ತಕ್ಕ ಆಟ. ಪೈಪಿನ ಅಂಗಡಿಯವರು ಒಮ್ಮೆ 43 ತಂದರು. ಅವರ ಹೊಲದಲ್ಲಿ ಆಡುತ್ತಾ ಅವರನ್ನೇ ಅನುಮಾನಿಸುವುದು ಹೇಗೆ? ಗೆದ್ದವರ ಹ್ಯಾಂಡಿಕ್ಯಾಪ್‌ನಲ್ಲಿ ಮುಂದಿನ ಸಲ ಎರಡು ಕಡಿತ ಎಂದು ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಿದೆವು. ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

ಜುಲೈ

2023ರ ಜುಲೈನಲ್ಲಿ ಟೊಮ್ಯಾಟೊ ಏನಾಯಿತೆಂದು ಯಾರಿಗೂ ನೆನಪಿಸಬೇಕಿಲ್ಲ. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿಯ ಬಾಕ್ಸ್ ಎರಡು ಸಾವಿರ ದಾಟಿತ್ತು. ನಾವು ಮೂರು ವಾರ ಮೊದಲೇ ಎಂಟು ಜನರ ಹಣ ಕಟ್ಟಿ ಭಾನುವಾರ ಕಾದಿರಿಸಿದ್ದೆವು. ಶನಿವಾರ ರಾತ್ರಿ ಒಂಬತ್ತೂವರೆಗೆ ಮಂಡಿ ಅಣ್ಣನ ಫೋನ್ ಬಂತು, ಹಿಂದೆ ಲಾರಿಯ ಸದ್ದು.

‘ಮೇಷ್ಟ್ರೇ, ನಾಳೆ ಆಗುವುದಿಲ್ಲ. ಈ ರೇಟಿನಲ್ಲಿ ರೈತ ಮಾಲು ತಂದು ನಿಂತಿರುವಾಗ ನಾನು ಗಾಲ್ಫ್ ಆಡಲು ಹೋದೆ ಅಂದರೆ, ಅವನು ಮತ್ತೆ ನನ್ನ ಮಂಡಿಗೆ ಬರುತ್ತಾನೆಯೇ?’

ಹತ್ತು ನಿಮಿಷದ ನಂತರ ಎಂಜಿನಿಯರೊಬ್ಬರ ಸಂದೇಶ: ಶಿಫ್ಟ್ ಬದಲಾಗಿದೆ, ಕ್ಷಮಿಸಿ. ಎರಡು ಜಾಗ ಖಾಲಿ, ₹8,400 ನೀರಿಗೆ. ಮುಂಗಡ ವಾಪಸ್ ಕೊಡುವ ಪದ್ಧತಿ ಆ ಕೋರ್ಸಿನಲ್ಲಿರಲಿಲ್ಲ, ಅದು ನಮಗೆ ಮೊದಲೇ ಗೊತ್ತಿತ್ತು.

ಯಾರು ಕೊಡಬೇಕು? ಡಾಕ್ಟರ ಪ್ರಕಾರ ಬಾರದವರು. ತಹಶೀಲ್ದಾರರ ಪ್ರಕಾರ ಒಬ್ಬರದು ದುಡಿಮೆಯ ಅನಿವಾರ್ಯ, ಇನ್ನೊಬ್ಬರದು ನೌಕರಿಯ ಅನಿವಾರ್ಯ, ಆದ್ದರಿಂದ ಎಲ್ಲರೂ ಹಂಚಿಕೊಳ್ಳಬೇಕು. ಅನಿವಾರ್ಯವೇ ಆದರೆ ನನ್ನ ತುರ್ತು ಶಸ್ತ್ರಚಿಕಿತ್ಸೆಯ ದಿನ ಯಾರು ಕೊಟ್ಟಿದ್ದರು ಎಂದು ಡಾಕ್ಟರು ಕೇಳಿದರು. ಅದಕ್ಕೆ ಉತ್ತರ ನನ್ನ ಪುಸ್ತಕದಲ್ಲಿತ್ತು: ಅವರೇ ಕೊಟ್ಟಿದ್ದರು, ಯಾರೂ ಗಮನಿಸಿರಲಿಲ್ಲ.

ಇಲ್ಲಿ ನನ್ನ ತಪ್ಪನ್ನು ಬರೆಯಬೇಕು. ಚೀಟಿ ನಡೆಸುವ ಯಾವ ಮನೆಯೊಡತಿಗೂ ಮೊದಲ ಕಂತಿಗೆ ಮುಂಚೆಯೇ ತಪ್ಪಿದವರ ಗತಿಯೇನೆಂದು ಹೇಳಿಬಿಡುವುದು ಗೊತ್ತು. ಲೆಕ್ಕ ಕಲಿಸುವ ನಾನು ಅದನ್ನು ಹೇಳಿರಲಿಲ್ಲ. ತಪ್ಪಿದ ಮೇಲೆ ಮಾಡಿದ ನಿಯಮ ನಿಯಮದಂತೆ ಕಾಣುವುದಿಲ್ಲ, ತಪ್ಪಿದವನಿಗೆ ಹಾಕಿದ ದಂಡದಂತೆ ಕಾಣುತ್ತದೆ. ಆದ್ದರಿಂದ ಜುಲೈ ನಷ್ಟವನ್ನು ಎಂಟು ಪಾಲು ಮಾಡಿ ಎಲ್ಲರ ಖಾತೆಗೂ ₹1,050 ಬರೆದೆ. ಆಗಸ್ಟಿನಿಂದ ಹೊಸ ಕಟ್ಟಳೆ: ಗುರುವಾರ ಸಂಜೆಯೊಳಗೆ ಹೇಳಿದರೆ ಗುಂಪಿನ ಹೊಣೆ, ಆಮೇಲೆ ಹೇಳಿದರೆ ಸ್ವಂತ ಹೊಣೆ, ಬದಲಿ ಆಟಗಾರನನ್ನು ತಂದರೆ ಯಾರ ಹೊಣೆಯೂ ಅಲ್ಲ. ಪ್ರತಿಯೊಬ್ಬರ ಮುಂಗಡ ₹5,000 ಇಬ್ಬರ ಹೆಸರಿನ ಜಂಟಿ ಖಾತೆಯಲ್ಲಿ.

ಮರುವಾರ ಮಂಡಿ ಅಣ್ಣ ಒಂದು ಬಾಕ್ಸ್ ಟೊಮ್ಯಾಟೊ ತಂದು ನನ್ನ ಮನೆಯ ಜಗುಲಿಯ ಮೇಲಿಟ್ಟರು. ‘ಎಂಟು ಪಾಲು ನೀವೇ ಮಾಡಿ, ನಿಮಗೆ ಅಭ್ಯಾಸವಿದೆ.’ ಆ ವಾರ ಅದಕ್ಕಿಂತ ಬೆಲೆಬಾಳುವ ಉಡುಗೊರೆ ಕೋಲಾರದಲ್ಲಿ ಇರಲಿಲ್ಲ. ತೂಕ ಹಾಕಿದೆ, ತಲೆಗೆ ಎರಡು ಕೆಜಿಗೆ ಸ್ವಲ್ಪ ಕಡಿಮೆ.

ಪಂದ್ಯ ಕಟ್ಟಿದ ದಿನ

ಸೆಪ್ಟೆಂಬರಿನಲ್ಲಿ ಎಂಜಿನಿಯರೊಬ್ಬರು, ಹ್ಯಾಂಡಿಕ್ಯಾಪ್ ಬಿಟ್ಟು ನೇರಾನೇರ ಆಡೋಣ, ಹೋಲ್‌ಗೆ ನೂರು ರೂಪಾಯಿ ಎಂದರು. ಅಣ್ಣ ಒಪ್ಪಿದರು. ಮಂಡಿಯವರು ಸವಾಲು ಎಂದರೆ ಹಿಂದೆ ಸರಿಯುವವರಲ್ಲ. ಹದಿನಾರು ಸೋತರು, ಒಂದು ಗೆದ್ದರು, ಒಂದು ಸಮ. ಕಾರಿನ ಬಾನೆಟ್ ಮೇಲೆ ಐನೂರರ ಮೂರು ನೋಟು ಎಣಿಸಿಟ್ಟು, ನಗುತ್ತಲೇ ಹೋದರು. ಅಕ್ಟೋಬರ್ ಬರಲಿಲ್ಲ. ನವೆಂಬರ್ ಬರಲಿಲ್ಲ. ₹1,500 ಅವರಿಗೆ ಲೆಕ್ಕವಲ್ಲ, ಹದಿನಾರು ಸಲ ಸಾಲಾಗಿ ಸೋಲುವುದನ್ನು ಮೂವರು ನೋಡುತ್ತಾ ನಿಂತಿದ್ದರಲ್ಲ, ಅದು ಲೆಕ್ಕ. ಹಣ ಕಟ್ಟಿ ಆಡುವುದನ್ನು ಅಲ್ಲಿಗೇ ನಿಲ್ಲಿಸಿದೆವು. ಎಂಜಿನಿಯರು ಆ ಹಣವನ್ನು ಪ್ಲಾಸ್ಟಿಕ್ ಚೆಂಡಿಗೆಂದು ನನ್ನ ಕೈಗೆ ಕೊಟ್ಟರು.

ಡಿಸೆಂಬರ್ ಎರಡನೆಯ ಭಾನುವಾರ ರಾಗಿ ಕೊಯ್ಲಾಗಿ ಹೊಲ ತೆರೆಯಿತು. ಯಾರೂ ಕರೆಯದೆ ಅಣ್ಣ ಬಂದು, ಚಪ್ಪಲಿ ಬದುವಿನ ಮೇಲೆ ಬಿಟ್ಟು ಕಣದಲ್ಲಿ ಪಟ್ಟಿಂಗ್ ಮಾಡುತ್ತಿದ್ದರು.

ಪುಸ್ತಕ ತಿರುವಿದಾಗ ನನಗೆ ಕಂಡ ಸಂಗತಿ ಇದೇ. ಫೆಬ್ರುವರಿಯಲ್ಲಿ ಅವಮಾನವಾಯಿತು, ಜಗಳವಾಗಲಿಲ್ಲ. ಮುಂದಿನ ಭಾನುವಾರವೇ ಹೊಲದಲ್ಲಿ ಸೇರಿ ನಕ್ಕು ಮುಗಿಸಿದೆವು. ಜುಲೈ, ಸೆಪ್ಟೆಂಬರಿನ ಮನಸ್ತಾಪಗಳು ಹೊಲ ಮುಚ್ಚಿದ್ದ ತಿಂಗಳಿನವು. ಆಗ ನಾವು ಭೇಟಿಯಾಗುತ್ತಿದ್ದುದು ತಿಂಗಳಿಗೊಮ್ಮೆ, ನಾಲ್ಕು ಸಾವಿರ ಕೊಟ್ಟು, ಗಡಿಯಾರ ನೋಡಿಕೊಂಡು. ಆ ಗಳಿಗೆಯಲ್ಲಿ ಬಿದ್ದ ಒಂದು ಮಾತನ್ನು ಸರಿಪಡಿಸಲು ಮತ್ತೊಂದು ತಿಂಗಳು ಕಾಯಬೇಕಿತ್ತು. ಒಂದು ವರ್ಷದ, ಎಂಟು ಜನರ ಪುಸ್ತಕದಿಂದ ಇದಕ್ಕಿಂತ ದೊಡ್ಡ ತೀರ್ಮಾನ ತೆಗೆಯಲು ನಾನು ಒಪ್ಪುವುದಿಲ್ಲ. ಆದರೆ ಚಿಂತಾಮಣಿಯವರು ಕೇಳಿದ್ದು ಯಾವ ಕೋರ್ಸಿಗೆ ಹೋಗಬೇಕು ಎಂದು. ನಾನು ಅವರನ್ನು ಮೊದಲು ಕೇಳಿದ್ದು, ನಿಮ್ಮಲ್ಲಿ ಯಾರಿಗೆ ಹೊಲವಿದೆ ಎಂದು.

ಹೊಸಬರು

2024ರ ಜನವರಿಯಲ್ಲಿ ಮುಳಬಾಗಿಲು ಕಡೆಯ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿಯೊಬ್ಬರು ಸೇರಲು ಕೇಳಿದರು. ಹಾಕಿ ಆಡಿದವರು, ಎಡಗೈ. 2021ರ ಆಗಸ್ಟ್ 7ರ ಬೆಳಗಿನ ಜಾವ ಎದ್ದು, ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಆಸೆಯಿತ್ತಂತೆ. ತಹಶೀಲ್ದಾರರು ‘ಹೆಂಗಸರು ಬಂದರೆ ನಮ್ಮ ಮಾತಿಗೆ ಕಡಿವಾಣ ಬೀಳುತ್ತದೆ’ ಎಂದರು. ಬೀಳಲಿ ಎಂದರು ಸರ್ವೇಯರ್ ಸರ್. ಚರ್ಚೆ ಅಷ್ಟೇ.

ನಿಜವಾದ ತೊಡಕು ಎರಡು. ಎಡಗೈಯವರ ಕೋಲುಗಳು ಸೆಕೆಂಡ್‌ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುವುದಿಲ್ಲ. ಕಡೆಗೆ ಒಂದು ಏಳನೆಯ ನಂಬರಿನದು, ಚೆಂಡನ್ನು ಎತ್ತರಕ್ಕೆ ಹಾರಿಸುವ ಒಂದು ವೆಜ್, ಕುಳಿಗೆ ಉರುಳಿಸುವ ಒಂದು ಪಟರ್ ಸಿಕ್ಕಿತು. ಕಲಿಯುವವರಿಗೆ ಈ ಮೂರೇ ಸಾಕು, ನಿಯಮ ಹದಿನಾಲ್ಕಕ್ಕೆ ಅವಕಾಶ ಕೊಟ್ಟಿದೆ ಎಂದು ಹದಿನಾಲ್ಕನ್ನೂ ಕೊಂಡು ಕೊರಗಿದವನು ನಾನು. ಎರಡನೆಯದು ಹಣ. ‘ಸರ್, ತಿಂಗಳಿಗೆ ನಾಲ್ಕು ಸಾವಿರ ನನ್ನಿಂದ ಆಗುವುದಿಲ್ಲ. ಹೊಲಕ್ಕೆ ಮಾತ್ರ ಬಂದರೆ ನಡೆಯುತ್ತದೆಯೇ?’ ಎಂದು ಅವರು ನೇರವಾಗಿ ಕೇಳಿದರು. ಆ ಪ್ರಶ್ನೆ ಕೇಳಿದ ಮೇಲೆಯೇ ನಮಗೆ ಹೊಳೆದದ್ದು, ಎಂಟರಲ್ಲಿ ಇನ್ನೂ ಇಬ್ಬರಿಗೆ ಅದೇ ಮಾತು ಬಾಯಿಗೆ ಬಂದು ನಿಂತಿತ್ತು ಎಂದು. ಅವರಲ್ಲಿ ನಾನೂ ಒಬ್ಬ. ಕೋರ್ಸನ್ನು ಎರಡು ತಿಂಗಳಿಗೊಮ್ಮೆ ಮಾಡಿ ಇಷ್ಟವಿದ್ದವರಿಗೆ ಬಿಟ್ಟೆವು. ಹೊಲಕ್ಕೆ ತಿಂಗಳಿಗೆ ₹200: ಚೆಂಡು, ಟೀ, ಕಣ ಸಾರಿಸಿದ ಕೂಲಿ.

ಗಾಲ್ಫ್ ಹಣವಂತರದೆನ್ನುವವರಿಗೆ ಡಾಕ್ಟರು ಬೆಂಗಳೂರಿನ ಸಿ. ಮುನಿಯಪ್ಪನವರ ಹೆಸರು ಹೇಳುತ್ತಾರೆ. ಕ್ಯಾಡಿಯಾಗಿ ಶುರು ಮಾಡಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದವರು. ಉದಾಹರಣೆ ಒಳ್ಳೆಯದೇ. ಆದರೆ ಒಬ್ಬ ಮುನಿಯಪ್ಪ ಗೆದ್ದ ಮಾತ್ರಕ್ಕೆ ಶುಲ್ಕ ಇಳಿಯಲಿಲ್ಲ ಎಂದು ನಾನು ಪ್ರತಿ ಸಲ ಹೇಳುತ್ತೇನೆ, ಡಾಕ್ಟರು ಪ್ರತಿ ಸಲ ಮಾತು ಬದಲಿಸುತ್ತಾರೆ.

ಸಂಘವಾಗಿ ನೋಂದಾಯಿಸಬೇಕೆಂದು ತಹಶೀಲ್ದಾರರ ಹಟವಿತ್ತು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಂತೆ ಏಳು ಜನ ಸಾಕು. ಆದರೆ ವರ್ಷ ವರ್ಷ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು, ಅಧ್ಯಕ್ಷರು ಬೇಕು. ಅಧ್ಯಕ್ಷರು ಬಂದ ಮೇಲೆ ಹಾರ ಬರುತ್ತದೆ, ಹಾರದ ಹಿಂದೆ ಮೈಕು. ನಾನು ವಿರೋಧಿಸಿದೆ. ಇಪ್ಪತ್ತು ಜನವಾಗುವವರೆಗೆ ಮುಂದೂಡಿದ್ದೇವೆ.

ಈಗ ಹನ್ನೊಂದು ಜನರಿದ್ದೇವೆ, ಅವರಲ್ಲಿ ನಾಲ್ವರು ಕೋರ್ಸಿಗೆ ಬರುವುದೇ ಇಲ್ಲ. ಹಿಪ್ಪುನೇರಳೆ ತೋಟದವರ ಮಗ ಭಾನುವಾರ ಬದುವಿನ ಮೇಲೆ ಕೂತು ನನ್ನ ಪುಸ್ತಕದಲ್ಲಿ ಅಂಕ ಬರೆಯುತ್ತಾನೆ, ಕೂಡುವುದರಲ್ಲಿ ನನಗಿಂತ ಚುರುಕು. ಮಳೆ ಬಿದ್ದ ಕೂಡಲೇ ಹೊಲ ಉಳುತ್ತಾರೆ, ಡಿಸೆಂಬರ್‌ವರೆಗೆ ನಮಗೆ ಜಾಗವಿಲ್ಲ. ಈ ಸಲ ಆ ಆರು ತಿಂಗಳಿಗೆ ಮೇಡಂ ತಮ್ಮ ಶಾಲೆಯ ಮೈದಾನ ಕೇಳಿದ್ದಾರೆ. ಮುಖ್ಯೋಪಾಧ್ಯಾಯರು ಮೊದಲು ಆ ಪ್ಲಾಸ್ಟಿಕ್ ಚೆಂಡನ್ನು ತಂದು ತೋರಿಸಿ ಎಂದಿದ್ದಾರಂತೆ. ಸೋಮವಾರ ಎರಡು ಕಳುಹಿಸುತ್ತಿದ್ದೇನೆ.